ಮ್ಯಾಕ್ರೋ ಪದ ಬದಲಿಸೀತು, ಪದಕ್ರಮವನ್ನಲ್ಲ

ಸಂಪಾದಕರಿಗೆ,

ಮಾನ್ಯರೇ,

ಎಲಿಕ್ಸರ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣವನ್ನು ಮ್ಯಾಕ್ರೋಗಳ (ಕೋಡನ್ನೇ ಬದಲಿಸಿ ಬರೆಯುವ ಕೋಡು) ಬಲದಿಂದ ಬೇಕಾದಂತೆ ಬಗ್ಗಿಸಬಹುದು, ಆದ್ದರಿಂದ ಅಚ್ಚ ಕನ್ನಡದಲ್ಲೇ ಪ್ರೋಗ್ರಾಂ ಬರೆಯುವ ದಿನ ದೂರವಿಲ್ಲ ಎಂದು ಕಳೆದ ವಾರ ನಿಮ್ಮ ವಿಜ್ಞಾನ ಪುಟದ ಲೇಖನ ಹೇಳಿತ್ತು. ಆ ಭಾಷೆಯಲ್ಲಿ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನನಗೆ ಲೇಖಕರ ಉತ್ಸಾಹ ಹಿಡಿಸಿತಾದರೂ, ಅವರ ಮಾತಿನಲ್ಲಿ ಅರ್ಧ ಮಾತ್ರ ನಿಜವೆಂದು ತಿಳಿಸಲು ಈ ಪತ್ರ.

ಬ್ರೆಜಿಲ್‌ನ ಜೋಸೆ ವಾಲಿಮ್ ರೂಪಿಸಿದ, 2014ರಲ್ಲಿ 1.0 ಆವೃತ್ತಿ ಕಂಡ ಎಲಿಕ್ಸರ್‌ನಲ್ಲಿ ನಾವು ಬರೆದದ್ದನ್ನು ಪಾರ್ಸರ್ (ಕೋಡಿನ ವಾಕ್ಯರಚನೆಯನ್ನು ಗುರುತಿಸುವ ಭಾಗ) ಮೊದಲು ಓದಿ, ಆ ಭಾಷೆಯ ಸಾಮಾನ್ಯ ದತ್ತಾಂಶಗಳಿಂದಲೇ ಆದ ಒಂದು ಮರವಾಗಿ ಜೋಡಿಸುತ್ತದೆ. 1 + 2 ಎಂಬುದು ಕೂಡುವ ಚಿಹ್ನೆ, ಸಾಲಿನ ವಿವರ ಮತ್ತು ಎರಡು ಸಂಖ್ಯೆಗಳ ಪಟ್ಟಿ ಎಂಬ ಮೂರು ಅಂಗಗಳ ಟ್ಯೂಪಲ್, ಅಂದರೆ ಒಂದು ಕಟ್ಟು, ಆಗುತ್ತದೆ. ಆ ಮರವನ್ನು ತೆಗೆದುಕೊಂಡು ಬೇರೊಂದು ಮರವನ್ನು ಹಿಂದಿರುಗಿಸುವುದಷ್ಟೇ ಮ್ಯಾಕ್ರೋದ ಕೆಲಸ. ಷರತ್ತಿನ 'ಇಫ್', ಫಂಕ್ಷನ್ ಬರೆಯುವ 'ಡೆಫ್' ಕೂಡ ಅಲ್ಲಿ ಮ್ಯಾಕ್ರೋಗಳೇ. ವಿದ್ಯೆಯೇನೂ ಹೊಸದಲ್ಲ, ಲಿಸ್ಪ್ ಭಾಷೆಗೆ ಮ್ಯಾಕ್ರೋ ಸೇರಿಸುವ ಬಗೆಯನ್ನು ಎಂಐಟಿಯ ತಿಮೋತಿ ಹಾರ್ಟ್ 1963ರಲ್ಲೇ ಬರೆದಿಟ್ಟಿದ್ದರು.

2017ರ 1.5 ಆವೃತ್ತಿಯಿಂದ ಹೆಸರುಗಳಿಗೆ ಕನ್ನಡ ಲಿಪಿಯೂ ಸಲ್ಲುವುದರಿಂದ, 'ಒಂದುವೇಳೆ' ಎಂಬ ಮ್ಯಾಕ್ರೋ ಬರೆದು ಇಫ್‌ನ ಕೆಲಸವನ್ನು ಅದಕ್ಕೆ ವಹಿಸಲು ನಾಲ್ಕೈದು ಸಾಲು ಸಾಕು. ತೊಡಕು ಶುರುವಾಗುವುದು ಅಲ್ಲಿಂದಾಚೆಗೆ. ಮರ ಸಿದ್ಧವಾದ ಮೇಲೆಯೇ ಮ್ಯಾಕ್ರೋದ ಸರದಿ. ಮರ ಕಟ್ಟುವ ಪಾರ್ಸರ್‌ನ ನಿಯಮಗಳನ್ನು ಅದು ಮುಟ್ಟಲಾರದು. 'ಡು', 'ಎಲ್ಸ್', 'ಎಂಡ್' ಮೀಸಲು ಪದಗಳಾದ್ದರಿಂದ ನಮ್ಮ 'ಒಂದುವೇಳೆ'ಯ ಬೆನ್ನಿಗೆ ಅವು ಇಂಗ್ಲಿಷಿನಲ್ಲೇ ನಿಲ್ಲುತ್ತವೆ. ಅದಕ್ಕಿಂತ ದೊಡ್ಡದು ಪದಕ್ರಮದ ಪ್ರಶ್ನೆ. 'ಮಳೆ ಬಂದರೆ ಕೊಡೆ ಹಿಡಿ' ಎನ್ನುವಾಗ ನಮ್ಮ ಷರತ್ತು ಕ್ರಿಯಾಪದದ ಬಾಲದಲ್ಲಿರುತ್ತದೆ. ಎಲಿಕ್ಸರ್‌ನಲ್ಲಿ ಅದು ತಲೆಯಲ್ಲೇ ಇರಬೇಕು. 'ವಯಸ್ಸು > 18 ಆದರೆ' ಎಂದು ಬರೆದು ನೋಡಿ: 18ರ ಪಕ್ಕದಲ್ಲಿ ಬರಿಯ ಹೆಸರೊಂದು ಬಂದದ್ದನ್ನು ಕಂಡ ಪಾರ್ಸರ್ ಅಲ್ಲೇ ದೋಷ ಹೇಳಿ ನಿಲ್ಲುತ್ತದೆ, 'ಆದರೆ' ಎಂಬ ಮ್ಯಾಕ್ರೋವನ್ನು ಎಷ್ಟೇ ಜಾಣತನದಿಂದ ಬರೆದಿದ್ದರೂ ಅದಕ್ಕೆ ಕರೆ ಬರುವುದೇ ಇಲ್ಲ. ಹೀಗೆ ಕೊನೆಗೆ ಕೈಗೆ ಸಿಗುವುದು ಇಂಗ್ಲಿಷ್ ವಾಕ್ಯದ ಅಸ್ಥಿಪಂಜರಕ್ಕೆ ತೊಡಿಸಿದ ಕನ್ನಡದ ಅಂಗಿ. (ಇನ್ನೊಂದು ಸಣ್ಣ ಕಿರಿಕಿರಿ: ಒತ್ತಕ್ಷರ ಮೂಡದಂತೆ ನಾವು ಹಾಕುವ ಕಾಣದ ಚಿಹ್ನೆಗೆ ಹೆಸರುಗಳಲ್ಲಿ ಪ್ರವೇಶವಿಲ್ಲ, ಹಾಗಾಗಿ 'ಸಾಫ್ಟ್‌ವೇರ್' ಎಂಬುದನ್ನು 'ಸಾಫ್ಟ್ವೇರ್' ಎಂದು ಒತ್ತು ಕೊಟ್ಟೇ ಬರೆಯಬೇಕು.)

ಮ್ಯಾಕ್ರೋಗಳಿಂದ ಉಪಯೋಗವಿಲ್ಲವೆಂದು ನನ್ನ ವಾದವಲ್ಲ. ದೊಡ್ಡಕ್ಷರ, ಸಣ್ಣಕ್ಷರಗಳ ಪರಿವರ್ತನೆಗೆ ಬೇಕಾದ ಫಂಕ್ಷನ್‌ಗಳನ್ನು ಎಲಿಕ್ಸರ್ ಯೂನಿಕೋಡ್ ಪಟ್ಟಿಯ ಕಡತವನ್ನು ಓದಿ ಕಂಪೈಲ್ ಆಗುವಾಗಲೇ (ಕೋಡು ಓಡಬಲ್ಲ ರೂಪಕ್ಕೆ ತಿರುಗುವಾಗಲೇ) ತಾನೇ ಹುಟ್ಟಿಸಿಕೊಳ್ಳುತ್ತದೆ. ಅದನ್ನು ಕೈಯಲ್ಲಿ ಬರೆಯಹೊರಟವರ ಪಾಡು ಬೇಡ. ಆದರೆ ನಾನು ಹಿಂದೆ ಇದ್ದ ಕಚೇರಿಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಇದೇ ತಂತ್ರವನ್ನು ಸಾಮಾನ್ಯ ಲೆಕ್ಕಾಚಾರಕ್ಕೂ ಬಳಸಿ ಕೆಲಸ ಬಿಟ್ಟು ಹೋಗಿದ್ದರು. ದೋಷದ ಸಂದೇಶದಲ್ಲಿದ್ದ ಫಂಕ್ಷನ್ ಹೆಸರನ್ನು ಇಡೀ ಕೋಡಿನಲ್ಲಿ ಹುಡುಕಿದರೂ ಎಲ್ಲಿಯೂ ಸಿಗಲಿಲ್ಲ, ಏಕೆಂದರೆ ಎರಡು ತುಂಡುಗಳನ್ನು ಜೋಡಿಸಿ ಆ ಹೆಸರನ್ನು ಮ್ಯಾಕ್ರೋ ಹುಟ್ಟಿಸಿತ್ತು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಮ್ಯಾಕ್ರೋ ಬಳಸಿ ಎಂದು ಎಲಿಕ್ಸರ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಲೇಖನದಲ್ಲಿ ಆ ಎಚ್ಚರಿಕೆಯ ಸುಳಿವಿರಲಿಲ್ಲ.

ಕನ್ನಡದ ಪದಕ್ರಮದಲ್ಲೇ ಪ್ರೋಗ್ರಾಂ ಬರೆಯಬೇಕೆಂಬ ಹಟವಿದ್ದವರು ರಾಕೆಟ್ ಭಾಷೆಯ ಕಡೆ ನೋಡಬಹುದು. ಅಲ್ಲಿ ಕಡತದ ಮೊದಲ ಸಾಲಿನಲ್ಲೇ ಭಾಷೆಯನ್ನು ಹೆಸರಿಸಿ, ಕೋಡು ಓದುವ ಪಾರ್ಸರ್ ಅನ್ನೇ ಬದಲಿಸಬಹುದು. ಹಳೆಯ ಆಲ್ಗಾಲ್ 60 ಭಾಷೆ ಕೂಡ ಆ ದಾರಿಯಲ್ಲಿ ಅಲ್ಲಿ ಓಡುತ್ತದೆ. ಆದರೆ ಹಾಗೆ ಮಾಡುವವರು 'ಬಂದರೆ', 'ಇದ್ದರೆ', 'ಆಗದಿದ್ದರೆ'ಗಳನ್ನು ಬಿಡಿಸಿ ಓದುವ ಪಾರ್ಸರ್ ಅನ್ನು ಕುಳಿತು ಬರೆಯಲೇಬೇಕು. ಲೇಖಕರು ಮುಂದಿನ ಬಾರಿ ಆ ಕೆಲಸದ ಬಗ್ಗೆ ಬರೆಯಲಿ ಎಂದು ಕೋರುತ್ತೇನೆ.

– ಒಬ್ಬ ಓದುಗ, ಮೈಸೂರು