ಮಕ್ಕಳ ಮಾತನ್ನು ಮಕ್ಕಳೇ ಆಡಲಿ

ಸರ್ಕಾರಿ ಪ್ರೌಢಶಾಲೆ,
ದಾವಣಗೆರೆ ತಾಲ್ಲೂಕು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಅಂಕಪಟ್ಟಿಗೆ ಸಹಿ ಹಾಕಲು ಬಂದಾಗ ನಿಮ್ಮಲ್ಲಿ ಬಹಳ ಮಂದಿ ಕೇಳಿದ್ದು ಒಂದೇ ಮಾತು: "ಮೇಡಮ್, ನಮ್ಮ ಹುಡುಗ್ಗೆ ಇಂಗ್ಲಿಷ್ ಮಾತಾಡಕೆ ಬರಲ್ರೀ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕೋಣೇನ್ರೀ?" ನಿಂತ ಕಾಲಲ್ಲಿ ಉತ್ತರ ಹೇಳುವ ಪ್ರಶ್ನೆ ಅದಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈಚೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಆರೋಗ್ಯ ತಪಾಸಣೆಗೆ ಶಾಲೆಗೆ ಬಂದಿದ್ದರು. ಹತ್ತನೇ ತರಗತಿಯ ಒಬ್ಬ ಹುಡುಗಿ, ಸಂಧಿ ಸಮಾಸ ಬಿಡಿಸುವುದರಲ್ಲಿ ತರಗತಿಗೇ ಮುಂದು, "ಹೊಟ್ಟೆನೋವು" ಎಂದಳು. ಯಾವ ಕಡೆ, ಯಾವಾಗಿನಿಂದ, ಊಟಕ್ಕೆ ಮೊದಲೋ ಆಮೇಲೋ ಎಂದು ವೈದ್ಯರು ಕೇಳಿದ್ದಕ್ಕೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿ ನಿಂತಳು. ಕೊನೆಗೆ ಉತ್ತರ ಕೊಟ್ಟಿದ್ದು ಪಕ್ಕದಲ್ಲಿದ್ದ ಗೆಳತಿ. ಅದೇ ಸಾಲಿನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬನಿದ್ದ. ಮನೆಯಲ್ಲಿ ಲಂಬಾಣಿ ಮಾತು, ಮೆಕ್ಕೆಜೋಳ ಬಂದಾಗ ಅಪ್ಪನ ಜೊತೆ ಎಪಿಎಂಸಿಗೆ ಹೋಗಿ ಬರುವವನು, ವ್ಯಾಕರಣದಲ್ಲಿ ಅಂಕ ಅಷ್ಟಕ್ಕಷ್ಟೆ. ಅವನು, "ಸರ್, ಬೋರ್ಡಿನ ಮೇಲಿಂದು ಮಸುಕು ಕಾಣ್ತತಿ, ಮುಂದಿನ ಬೆಂಚಲ್ಲಿ ಕೂತ್ರೆ ಕಾಣ್ತತಿ, ಸಂಜಿ ಹೊತ್ತಿಗೆ ತಲೆ ನೋಯ್ತತಿ" ಎಂದ. ವೈದ್ಯರಿಗೆ ಬೇಕಾದ್ದೆಲ್ಲ ಆ ಮಾತಿನಲ್ಲಿತ್ತು.

ಇಬ್ಬರೂ ನಮ್ಮ ಮಕ್ಕಳೇ. ಹುಡುಗಿಗೆ ಭಾಷೆ ಗೊತ್ತು, ಅದನ್ನು ಬಳಸುವ ಅಭ್ಯಾಸ ಸಿಕ್ಕಿಲ್ಲ. ಭಾಷಾವಿಜ್ಞಾನಿಗಳು ಸಂವಹನ ಸಾಮರ್ಥ್ಯ ಎನ್ನುವುದು ಈ ಬಳಕೆಯ ತಿಳಿವಳಿಕೆಯನ್ನೂ ಸೇರಿಸಿಕೊಂಡೇ. 1965ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಅವರು ಭಾಷಾ ಸಾಮರ್ಥ್ಯ ಎಂದಾಗ ಮನಸ್ಸಿನೊಳಗಿನ ವ್ಯಾಕರಣಜ್ಞಾನಕ್ಕೆ ಒತ್ತು ಕೊಟ್ಟಿದ್ದರು. ಡೆಲ್ ಹೈಮ್ಸ್ ಎಂಬ ಅಮೆರಿಕದ ವಿದ್ವಾಂಸರಿಗೆ ಅಷ್ಟು ಸಾಲದು ಅನಿಸಿತು. ಯಾರ ಹತ್ತಿರ, ಎಲ್ಲಿ, ಯಾವ ರೀತಿ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ಅರಿವೂ ಭಾಷೆ ಬಲ್ಲವನ ಸಾಮರ್ಥ್ಯವೇ ಎಂದು ಅವರು ವಾದಿಸಿದರು. 1980ರಲ್ಲಿ ಮೈಕೆಲ್ ಕನೇಲ್ ಮತ್ತು ಮೆರಿಲ್ ಸ್ವೇನ್ ಎಂಬ ಭಾಷಾ ಬೋಧನೆಯ ಸಂಶೋಧಕರು ಈ ಸಾಮರ್ಥ್ಯವನ್ನು ವ್ಯಾಕರಣ, ಸಂದರ್ಭಕ್ಕೆ ತಕ್ಕ ಮಾತು, ಮಾತು ತಡೆದಾಗ ದಾರಿ ಹುಡುಕುವ ಉಪಾಯ ಎಂದು ಮೂರಾಗಿ ವಿಂಗಡಿಸಿದರು. ಮಾತಿಗೆ ಮಾತು ಪೋಣಿಸಿ ಹೇಳುವ ಶಕ್ತಿಯನ್ನು ಕನೇಲ್ 1983ರಲ್ಲಿ ನಾಲ್ಕನೆಯದಾಗಿ ಸೇರಿಸಿದರು.

ಇವುಗಳಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಆ ಉಪಾಯ. ಇಂಗ್ಲಿಷ್ ಪಿರಿಯಡ್‌ನಲ್ಲಿ ಒಬ್ಬಳಿಗೆ ಮೊರಕ್ಕೆ ಇಂಗ್ಲಿಷ್ ಪದ ಹೊಳೆಯಲಿಲ್ಲ. "ರೈಸ್ ಕ್ಲೀನ್ ಮಾಡೋ ಥಿಂಗ್, ಮೇಡಮ್" ಎಂದು ಕೈಯಲ್ಲಿ ಕೇರಿ ತೋರಿಸಿದಳು. ತರಗತಿ ನಕ್ಕಿತು, ಆದರೆ ಎಲ್ಲರಿಗೂ ಅರ್ಥವಾಯಿತು. ಪದ ಸಿಗದಿದ್ದಾಗ ಬಾಯಿ ಮುಚ್ಚಿ ಕೂರದೆ ಸುತ್ತಿ ಬಳಸಿಯಾದರೂ ಹೇಳುವ ಮಗು ಮುಂದೆ ಯಾವ ಭಾಷೆಯನ್ನಾದರೂ ಕಲಿತೀತು. ಅಂಥ ಮಗುವನ್ನು ನೋಡಿ ನಗಬಾರದು ಎಂದು ಈಗ ತರಗತಿಯಲ್ಲಿ ನಿಯಮವನ್ನೇ ಮಾಡಿದ್ದೇವೆ. ಮನೆಯಲ್ಲೂ ಈ ನಿಯಮ ಇರಲಿ.

ಇಂಗ್ಲಿಷಿನ ವಿಷಯಕ್ಕೆ ಬರುತ್ತೇನೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮೊದಲಾದ ಕಡೆ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣ ಪಾಠ ಬದಿಗಿಟ್ಟು, ನಕ್ಷೆ, ರೈಲಿನ ವೇಳಾಪಟ್ಟಿ ಇಂಥವನ್ನು ಕೊಟ್ಟು, ಪ್ರಶ್ನೆ ಬಿಡಿಸುತ್ತ ಬಿಡಿಸುತ್ತ ಇಂಗ್ಲಿಷ್ ಕಲಿಯುವಂತೆ ಮಾಡಿದ ಪ್ರಯೋಗ ಅದು. ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ಅದೇ ಜಾಡಿನಲ್ಲಿ ನಾವೂ ಒಂಬತ್ತನೇ ತರಗತಿಗೆ ಚಿತ್ರದುರ್ಗದ ಕೋಟೆಗೆ ಹೋಗಿ ಬರುವ ಯೋಜನೆ ಹಾಕಲು ಹೇಳಿದ್ದೇವೆ. ರೈಲಿಗೆ ಹೋಗಿ ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸುವುದೋ, ಬಸ್ಸೇ ವಾಸಿಯೋ ಎಂದು ವಾದಕ್ಕೆ ಬಿದ್ದ ಮಕ್ಕಳ ಬಾಯಲ್ಲಿ 'ಬಟ್', 'ಬಿಕಾಸ್' ಯಾರೂ ಹೇಳಿಕೊಡದೆ ಬರುತ್ತಿವೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಸಾಲ ಮಾಡಿ ಮಾತ್ರ ಕಳಿಸಬೇಡಿ.

ನಿಮ್ಮಿಂದ ಆಗಬೇಕಾದ್ದಕ್ಕೆ ದುಡ್ಡು ಬೇಕಿಲ್ಲ. ಬಸ್ಸಿನಲ್ಲಿ ಟಿಕೆಟ್ ಮಗುವೇ ಕೇಳಲಿ. ಬ್ಯಾಂಕಿಗೆ ಪಾಸ್‌ಬುಕ್ ಎಂಟ್ರಿಗೆ ಹೋದಾಗ ಕೌಂಟರಿನ ಮುಂದೆ ಅವನನ್ನೇ ನಿಲ್ಲಿಸಿ. ರಜೆ ಬೇಕಾದರೆ ನೀವು ಫೋನ್ ಮಾಡುವ ಬದಲು ಅವನ ಕೈಗೇ ಫೋನ್ ಕೊಡಿ, ಕಾರಣ ಅವನೇ ಹೇಳಲಿ. ನಾವು ಪ್ರಶ್ನೆ ಕೇಳಿದಾಗ ಮಗುವಿಗಿಂತ ಮೊದಲು ಅಮ್ಮನೋ ಅಪ್ಪನೋ ಉತ್ತರ ಕೊಡುವುದನ್ನು ದಿನವೂ ನೋಡುತ್ತೇನೆ. ಪ್ರೀತಿಯಿಂದಲೇ ಕೊಡುತ್ತೀರಿ, ಆದರೆ ಮಗುವಿನ ಸರದಿ ಅಲ್ಲಿಗೆ ಮುಗಿದುಹೋಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. "ದೊಡ್ಡೋರ ಮಧ್ಯೆ ಬಾಯಿ ಹಾಕಬ್ಯಾಡ" ಎಂಬ ಮಾತನ್ನು ಹುಡುಗರಿಗಿಂತ ಅವರು ಎಷ್ಟೋ ಪಾಲು ಹೆಚ್ಚು ಕೇಳಿರುತ್ತಾರೆ. ತನಗೆ ಏನಾಗುತ್ತಿದೆ ಎಂದು ಹೇಳಲು ಬಾರದ ಹುಡುಗಿಗೆ ನಾಳೆ ಆಸ್ಪತ್ರೆಯಲ್ಲೂ ಕಷ್ಟ, ಗಂಡನ ಮನೆಯಲ್ಲೂ ಕಷ್ಟ. ಈ ಒಂದು ವಿಷಯದಲ್ಲಿ ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ಲಂಬಾಣಿಯೋ, ಉರ್ದುವೋ, ತೆಲುಗೋ ಆಡುವವರು ಅದನ್ನು ನಿಲ್ಲಿಸಬೇಡಿ. ಮನೆಮಾತಿನಲ್ಲಿ ಕಥೆ ಹೇಳಬಲ್ಲ ಮಗುವಿಗೆ ಕನ್ನಡ, ಇಂಗ್ಲಿಷ್ ತೊಡಕಾಗುವುದಿಲ್ಲ.

ಈ ತಿಂಗಳ ಕೊನೆಯ ಶನಿವಾರ ಶಾಲೆ ಬಿಟ್ಟ ಮೇಲೆ ಪೋಷಕರ ಸಭೆ ಇದೆ. ಈ ಸಲ ಅಂಕಪಟ್ಟಿ ಓದುವವರು ಶಿಕ್ಷಕರಲ್ಲ. ಯಾವ ವಿಷಯ ಚೆನ್ನಾಗಿ ಬರುತ್ತದೆ, ಯಾವುದರಲ್ಲಿ ಹಿಂದೆ ಬಿದ್ದಿದ್ದೇನೆ, ಏಕೆ ಎಂದು ಮಗುವೇ ನಿಮ್ಮೆದುರು ಕೂತು ಹೇಳುತ್ತದೆ. ಒಬ್ಬೊಬ್ಬರಿಗೆ ಹತ್ತು ನಿಮಿಷ ಇಟ್ಟಿದ್ದೇವೆ. ಅಪ್ಪ ಅಮ್ಮ ಇಬ್ಬರೂ ಬರಲು ಪ್ರಯತ್ನಿಸಿ. ಮಗು ನಡುವೆ ತಡವರಿಸಿದರೆ ದಯವಿಟ್ಟು ಮಾತು ಎತ್ತಿಕೊಡಬೇಡಿ, ಸ್ವಲ್ಪ ಕಾಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ