ಸಂಗೀತ ಕಛೇರಿ ಪೋಸ್ಟರ್ ಒಣಗಲೂ ಹೊತ್ತು ಬೇಕು

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಹತ್ತಿರ ಬಂತು. ಮೈಸೂರಿನ ಮೊಹಲ್ಲಾಗಳಲ್ಲಿ ಸಂಗೀತ ಕಛೇರಿಗಳು ಶುರುವಾಗುತ್ತವೆ. ಅವುಗಳ ಪೋಸ್ಟರ್‌ಗಳನ್ನು ನಾನು ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡುತ್ತೇನೆ, ಅಂದರೆ ಬಟ್ಟೆ ಬಿಗಿದ ಫ್ರೇಮಿನ ಮೂಲಕ ಹಾಳೆಯ ಮೇಲೆ ಇಂಕ್ ಎಳೆಯುತ್ತೇನೆ. ಸಂಘಟಕರಲ್ಲಿ ಒಂದು ಮನವಿ: ಕಲಾವಿದರ ಪಟ್ಟಿಯನ್ನು ವಾರ ಮೊದಲೇ ಕೊಡಿ.

ಸಂಜೆ ಬಂದು ‘ಬೆಳಿಗ್ಗೆಗೆ ಬೇಕು’ ಅಂದರೆ ಹೇಗೆ? ಒಂದೊಂದು ಬಣ್ಣಕ್ಕೂ ಬೇರೆ ಫ್ರೇಮ್ ಬೇಕು. ಫ್ರೇಮಿನ ಬಟ್ಟೆಗೆ ಎಮಲ್ಷನ್ (ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ) ಬಳಿದು, ಕತ್ತಲಲ್ಲಿ ಒಣಗಿಸಿ, ಅಕ್ಷರ-ಚಿತ್ರ ಇರುವ ಫಿಲ್ಮ್ ಇಟ್ಟು ಬೆಳಕು ತೋರಿಸಿ, ನೀರಲ್ಲಿ ತೊಳೆಯಬೇಕು. ಹಳದಿ ಒಣಗದೆ ಅದರ ಮೇಲೆ ಕೆಂಪು ಎಳೆಯುವ ಹಾಗಿಲ್ಲ. ಭಾದ್ರಪದದ ಮಳೆಯಲ್ಲಿ ಇಂಕ್ ಬೇಗ ಒಣಗುವುದೂ ಇಲ್ಲ. ಹಸಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಂಡು ಎಲ್ಲ ಹಾಳು.

ಕಳೆದ ವರ್ಷ ಒಂದು ಸಂಘದವರು ರಾತ್ರಿ ಫೋನ್ ಮಾಡಿ ಮೃದಂಗದವರ ಹೆಸರು ಬದಲಿಸಿ ಅಂದರು. ಅಷ್ಟೊತ್ತಿಗೆ ಅರ್ಧ ಪ್ರಿಂಟ್ ಆಗಿತ್ತು. ಅಕ್ಷರದ ಫ್ರೇಮನ್ನೇ ಹೊಸದಾಗಿ ಮಾಡಬೇಕಾಯಿತು. ಆ ಖರ್ಚು ಕೊಡಲಿಲ್ಲ.

ಫ್ಲೆಕ್ಸ್ ಬೇಗ ಆಗುತ್ತದೆ, ನಿಜ. ಆದರೆ ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಅಲ್ವಾ?

ಪಟ್ಟಿಯನ್ನು ಯಾರಾದರೂ ಒಮ್ಮೆ ಓದಿ, ಸಹಿ ಹಾಕಿ ಕಳಿಸಿ. ತಂಬೂರಿ ನುಡಿಸುವವರ ಹೆಸರನ್ನೂ ಬರೆಯಿರಿ. ಜಾಗ ನಾನು ಮಾಡಿಕೊಡುತ್ತೇನೆ.

– ಸ್ಕ್ರೀನ್ ಪ್ರಿಂಟಿಂಗ್ ಕೆಲಸಗಾರ, ಮಂಡಿ ಮೊಹಲ್ಲಾ, ಮೈಸೂರು