ಎಂತ ಬಾಯಮ್ಮ, ನೀವು ಹೋಗ್ಲಿಲ್ವಾ?

ಮಾನ್ಯ ಸಂಪಾದಕರೇ,

ಹೋದ ಸೆಪ್ಟೆಂಬರ್ 25ರಂದು ನಾನು ಮಲ್ಲಿಗೆ ಕೊಡಲು ಹೂವು ಕೊಳ್ಳುವ ಕಟ್ಟೆಗೆ ಹೋದಾಗ ಒಬ್ಬರು ನಗುತ್ತಾ ಕೇಳಿದರು, "ಎಂತ ಬಾಯಮ್ಮ, ನೀವು ಹೋಗ್ಲಿಲ್ವಾ?"

"ಮಲ್ಲಿಗೆ ಚೆಂಡು ಕಟ್ಟಿ ಮುಗೀಲಿಲ್ಲ ಮಾರಾಯ್ರೆ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ವಿಷಯ ನಿಮಗೂ ಗೊತ್ತಿರಬಹುದು. 2025ರ ಸೆಪ್ಟೆಂಬರ್ 23 ಅಥವಾ 24ಕ್ಕೆ ಯೇಸು ಬಂದು ನಂಬಿದವರನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ದಕ್ಷಿಣ ಆಫ್ರಿಕಾದ ಒಬ್ಬ ಬೋಧಕರು ಹೇಳಿದ್ದರು. ಆ ವಿಡಿಯೋ ಲೋಕವೆಲ್ಲ ಸುತ್ತಿ ನಮ್ಮ ಶಂಕರಪುರಕ್ಕೂ ಬಂತು. ನನ್ನ ಫೋನಿಗೆ ನಾಲ್ಕು ಗುಂಪುಗಳಿಂದ ಬಂತು. ಇದು ಹೊಸತೇನೂ ಅಲ್ಲ. ಅಮೆರಿಕದಲ್ಲಿ 1844ರ ಅಕ್ಟೋಬರ್ 22 ಎಂದು ನಂಬಿ ಸಾವಿರಾರು ಜನ ಕಾದು ಕೂತಿದ್ದರು. ಆ ದಿನ ಯಾರಿಗೂ ಗೊತ್ತಿಲ್ಲ, ದೇವರ ಮಗನಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿದೆ. ಅಷ್ಟು ಓದಿದರೆ ಸಾಕಿತ್ತು.

ತಮಾಷೆ ಅಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. 23ರ ರಾತ್ರಿ ನನ್ನ ಒಂಬತ್ತು ವರ್ಷದ ಮೊಮ್ಮಗಳು ನಿದ್ದೆ ಮಾಡಲಿಲ್ಲ. ನನ್ನ ಸೀರೆ ಸೆರಗು ಹಿಡಿದುಕೊಂಡೇ ಮಲಗಿದ್ದಳು. "ಅಜ್ಜಿ, ನನ್ನನ್ನು ಇಲ್ಲೇ ಬಿಟ್ಟು ನೀವೆಲ್ಲ ಹೋಗ್ತೀರಾ?" ಎಂದು ಕೇಳಿದಳು.

ನನಗೆ ಸಿಟ್ಟು ಬಂದದ್ದು ಅಲ್ಲಿ. ವಿಡಿಯೋದಲ್ಲಿ ಹೇಳುವ ಮಾತು ಬೈಬಲಿನಲ್ಲಿ ಅಪೊಸ್ತಲ ಪೌಲನು ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ್ದು, ನಾಲ್ಕನೇ ಅಧ್ಯಾಯ. ಅಲ್ಲಿನ ಜನ ತಮ್ಮವರನ್ನು ಮಣ್ಣು ಮಾಡಿ ಅಳುತ್ತಿದ್ದರು. ಪ್ರಭು ಬರುವ ಮೊದಲೇ ಸತ್ತರಲ್ಲ, ಅವರ ಗತಿ ಏನು ಎಂಬ ಚಿಂತೆ ಅವರದ್ದು. ಅವರನ್ನು ಸಮಾಧಾನ ಮಾಡಲು ಬರೆದದ್ದು ಅದು. ಸತ್ತವರು ಮೊದಲು ಏಳುತ್ತಾರೆ, ಆಮೇಲೆ ಎಲ್ಲರೂ ಸೇರಿ ಪ್ರಭುವನ್ನು ಎದುರುಗೊಳ್ಳುತ್ತೇವೆ, ಮತ್ತೆ ಯಾವಾಗಲೂ ಜೊತೆಗೇ ಇರುತ್ತೇವೆ. ಒಟ್ಟು ಸೇರುವ ಮಾತನ್ನೇ ಹಿಡಿದು ಮಗುವಿಗೆ ಬಿಟ್ಟು ಹೋಗುವ ಹೆದರಿಕೆ ಹುಟ್ಟಿಸಿದ್ದಾರೆ. ಅದೇ ಅಧ್ಯಾಯದಲ್ಲಿ, ಎರಡು ವಚನ ಮೇಲೆ, ನಿಮ್ಮ ಕೈಯಾರೆ ಕೆಲಸ ಮಾಡಿಕೊಂಡಿರಿ ಎಂದೂ ಇದೆ. ಅದನ್ನು ಯಾರೂ ವಿಡಿಯೋ ಮಾಡುವುದಿಲ್ಲ!

ತಾರೀಕು ಗೊತ್ತಿಲ್ಲದೆ ಕಾಯುವುದು ನನಗೆ ಹೊಸತಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಮ್ಮ ಯಜಮಾನರು ಅಲ್ಲಿ ಡ್ರೈವರ್ ಆಗಿದ್ದರು. ಫೋನಿಲ್ಲ, ಕಾಗದವಿಲ್ಲ. ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕಿಂತ ಜಾಸ್ತಿ ಜನರನ್ನು ಮುಂಬಯಿಗೆ ತಂದವು. ಆದರೆ ಯಾರು ಯಾವ ವಿಮಾನದಲ್ಲಿ ಬರುತ್ತಾರೆ ಎಂದು ಇಲ್ಲಿ ಯಾರಿಗೆ ಗೊತ್ತು? ಆದಿತ್ಯವಾರ ಖಂಡಿತ ಬರ್ತಾರೆ ಎಂದು ಯಾರೋ ಹೇಳಿದರು. ನಾನು ಕೋಳಿ ಪದಾರ್ಥ ಮಾಡಿ ರಾತ್ರಿ ತನಕ ಕೂತೆ. ಬರಲಿಲ್ಲ. ಗೊತ್ತಿಲ್ಲದೆ ಕಾದ ದಿನಗಳಿಗಿಂತ ಆ ಒಂದು ರಾತ್ರಿ ಕಷ್ಟವಾಯಿತು. ಮರುದಿನ ಬೆಳಿಗ್ಗೆ ಮತ್ತೆ ಮೊಗ್ಗು ಕೊಯ್ಯಲು ಹೋದೆ. ಮೊಗ್ಗು ಅರಳುವ ಮೊದಲು ಕಟ್ಟಬೇಕು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಣಿಸ್ತಾ ಕೂತರೆ ಬೇರೆ ಯೋಚನೆಗೆ ಜಾಗ ಇರುವುದಿಲ್ಲ.

ಅವರು ಬಂದದ್ದು ಸೆಪ್ಟೆಂಬರ್ ಕೊನೆಗೆ. ಮುಂಬಯಿ ಬಸ್ಸಿನಿಂದ ಕಟಪಾಡಿಯಲ್ಲಿ ಇಳಿದು ನಡೆದೇ ಬಂದಿದ್ದರು. ಬಾಳೆ ನಾರು ಕೈಯಲ್ಲೇ ಇತ್ತು, ನಾನು ಬೇಲಿಯ ತಡಮೆ ದಾಟಿ ಓಡಿದೆ. ಎದುರುಗೊಳ್ಳುವುದು ಎಂದರೆ ನನಗೆ ಅದೇ. ಎದುರುಗೊಂಡ ಮೇಲೆ ಅಲ್ಲೇ ನಿಲ್ಲುವುದಿಲ್ಲ, ಮನೆಗೆ ಕರೆದುಕೊಂಡು ಬರುತ್ತೇವೆ ಅಲ್ವಾ?

ಅವರು ತೀರಿಕೊಂಡು ಆರು ವರ್ಷವಾಯಿತು. ಈ ನವೆಂಬರ್ 2ರಂದು, ಸತ್ತವರನ್ನು ನೆನೆಯುವ ದಿನ, ಮೊಮ್ಮಗಳನ್ನು ಸಮಾಧಿಗೆ ಕರೆದುಕೊಂಡು ಹೋದೆ. ಮಾರುವ ಹೂವಿನಲ್ಲಿ ಒಂದು ಚೆಂಡು ತೆಗೆದಿಟ್ಟಿದ್ದೆ. ಅವಳೇ ಇಟ್ಟಳು. ಅಜ್ಜ ನಮಗಿಂತ ಮೊದಲು ಏಳುವುದು, ಹಾಗೆ ಬರೆದಿದೆ ಎಂದು ಹೇಳಿದೆ. "ಅಜ್ಜ ಮೊದಲಾ?" ಎಂದು ಎರಡು ಸಲ ಕೇಳಿದಳು. ಆ ರಾತ್ರಿ ಸೆರಗು ಹಿಡಿಯಲಿಲ್ಲ.

ವಿಡಿಯೋ ಕಳಿಸಿದವರಲ್ಲಿ ಇಬ್ಬರು ನನ್ನ ಪರಿಚಯದವರೇ, ಈ ಪತ್ರಿಕೆಯನ್ನೂ ಓದುತ್ತಾರೆ. ಮುಂದಿನ ತಾರೀಕು ಬಂದಾಗ ನನಗೆ ಬೇಕಾದರೆ ಕಳಿಸಿ. ಮಕ್ಕಳು ನೋಡುವ ಗುಂಪಿಗೆ ಮಾತ್ರ ಹಾಕಬೇಡಿ.

ಮಲ್ಲಿಗೆ ಬೆಳೆಯುವ ಒಬ್ಬ ಓದುಗಿ,
ಶಂಕರಪುರ, ಉಡುಪಿ